ತಾಳ ಹುಡುಕಬೇಡಿ, ಗಟ್ಟಿಮೇಳ ನೆನಪಿಸಿಕೊಳ್ಳಿ

ಪ್ರಶ್ನೆ: ನಾನು ಮಲ್ಲೇಶ್ವರದವನು, ನಿವೃತ್ತ. ನಲವತ್ತು ವರ್ಷದಿಂದ ಕರ್ನಾಟಕ ಸಂಗೀತ ಕೇಳುತ್ತಿದ್ದೇನೆ. ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲು ತಪ್ಪಿಸುವುದಿಲ್ಲ. ಅಮೆರಿಕದಲ್ಲಿರುವ ತಂಗಿಯ ಮಗ, ಜಾಜ್ ಸಂಗೀತಗಾರರಾದ ಜಾನ್ ಕೋಲ್ಟ್ರೇನ್ (ಸ್ಯಾಕ್ಸೋಫೋನ್) ಮತ್ತು ರಶೀದ್ ಅಲಿ (ಡ್ರಮ್ಸ್) ಅವರ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ಎಂಬ ಎಲ್‌ಪಿ ತಂದುಕೊಟ್ಟಿದ್ದಾನೆ. ಒಂದು ಸ್ಯಾಕ್ಸೋಫೋನು, ಒಂದು ಡ್ರಮ್ಸು, ಅಷ್ಟೇ. ಶ್ರುತಿ ಇಲ್ಲ, ತಾಳ ಇಲ್ಲ. ಹತ್ತು ನಿಮಿಷಕ್ಕೆ ತಲೆ ಸಿಡಿಯಿತು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ‘ಏನ್ರೀ ಬಿತ್ತು?’ ಅಂದಳು. ಇದರಲ್ಲಿ ನಿಜವಾಗಿ ಏನಾದರೂ ಇದೆಯಾ, ಇಲ್ಲ ನಮ್ಮನ್ನು ಮಂಗ ಮಾಡುತ್ತಿದ್ದಾರಾ? ಇದ್ದರೆ ಹೇಗೆ ಕೇಳಬೇಕು? ದೀಪಾವಳಿಗೆ ಅವನು ಬರುತ್ತಾನೆ, ಹೇಗಿತ್ತು ಅಂತ ಕೇಳೇ ಕೇಳುತ್ತಾನೆ. ವಾಪಸ್ ಕೊಟ್ಟುಬಿಡಲಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮಗೆ ಆದದ್ದು ಪಂಡಿತ್ ರವಿಶಂಕರ್ ಅವರಿಗೂ ಆಗಿತ್ತು. ಅವರಿಗೆ ಕೋಲ್ಟ್ರೇನ್ ಪರಿಚಯ ಇತ್ತು, ಅಭಿಮಾನವೂ ಇತ್ತು. ಕೋಲ್ಟ್ರೇನ್ ಅಂತೂ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟರು. ಆದರೂ ಆ ಸ್ಯಾಕ್ಸೋಫೋನ್ ಕೇಳಿದಾಗ ರವಿಶಂಕರ್ ಕಸಿವಿಸಿಗೊಂಡರು. ಮಾಂಸ ಬಿಟ್ಟವನು, ಯೋಗ ಕಲಿಯುವವನು, ಭಗವದ್ಗೀತೆ ಓದುವವನು, ಅವನ ಸಂಗೀತದಲ್ಲಿ ಇಷ್ಟೊಂದು ತಳಮಳ ಯಾಕೆ ಅನ್ನುವುದು ಅವರ ಪ್ರಶ್ನೆ. ಹಾಗಾಗಿ ಹತ್ತು ನಿಮಿಷಕ್ಕೆ ತಲೆ ಸಿಡಿಯಿತು ಅಂತ ನಾಚಿಕೊಳ್ಳಬೇಡಿ. ಒಳ್ಳೆ ಕಿವಿ ಇದ್ದವರಿಗೇ ಇದು ಜಾಸ್ತಿ ಕಷ್ಟ. ಯಾಕೆ ಅಂದರೆ ಅವರು ಕೇಳುವಾಗ ಸುಮ್ನೆ ಕೂರುವುದಿಲ್ಲ, ತೊಡೆ ಮೇಲೆ ಕೈ ಹಾಕಿ ತಾಳ ಹುಡುಕಲು ಶುರು ಮಾಡುತ್ತಾರೆ. ನೀವೂ ಹುಡುಕಿರುತ್ತೀರಿ. ಸಿಕ್ಕಿರುವುದಿಲ್ಲ.

ಮಂಗ ಮಾಡುತ್ತಿದ್ದಾರಾ ಅನ್ನುವುದಕ್ಕೆ ಉತ್ತರ: ಇಲ್ಲ. ಈ ಇಬ್ಬರಂತೂ ಇಲ್ಲ. ಆ ರೆಕಾರ್ಡಿಂಗ್ ಆದದ್ದು 1967ರ ಫೆಬ್ರವರಿ 22ರಂದು, ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ. ಬ್ಯಾಂಡಿನ ಬೇರೆ ಯಾರೂ ಬರುವುದಿಲ್ಲ, ಇವತ್ತು ನಾವಿಬ್ಬರೇ ಅನ್ನುವುದು ರಶೀದ್ ಅಲಿಗೆ ಸ್ಟುಡಿಯೋಗೆ ಹೋದ ಮೇಲೆ ಗೊತ್ತಾಯಿತಂತೆ. ಅದಾಗಿ ಐದು ತಿಂಗಳಿಗೆ, ಜುಲೈ 17ಕ್ಕೆ, ಕೋಲ್ಟ್ರೇನ್ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ನಲವತ್ತು ವರ್ಷ. ಆಲ್ಬಂ ಹೊರಗೆ ಬಂದದ್ದು 1974ರಲ್ಲಿ. ಗಂಟೆಗಟ್ಟಲೆ ಸಾಧನೆ ಮಾಡಿ, ಅಮೆರಿಕದ ಜಾಜ್‌ನಲ್ಲಿ ಇದ್ದಬದ್ದ ಕಟ್ಟುಪಾಡನ್ನೆಲ್ಲ ಕರತಲಾಮಲಕ ಮಾಡಿಕೊಂಡ ಮನುಷ್ಯ ಆ ಕಟ್ಟುಪಾಡನ್ನು ಕೆಳಗಿಟ್ಟು ನುಡಿಸಿದ್ದು ಅದು. ಗೊತ್ತಿಲ್ಲದೆ ತಾಳ ತಪ್ಪುವವನು ಬೇರೆ, ತಾಳ ಇಳಿಸಿ ಬದಿಗಿಟ್ಟವನು ಬೇರೆ. ಆ ವ್ಯತ್ಯಾಸ ಪೆಂಡಾಲಿನಲ್ಲಿ ಕೂತು ಕೂತು ನಿಮಗೆ ಚೆನ್ನಾಗಿ ಗೊತ್ತು.

ಈಗ ನಾನು ಒಂದು ಮದುವೆ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಬಸವನಗುಡಿಯ ಒಂದು ಛತ್ರ. ಮುಹೂರ್ತ ಹತ್ತಿರ ಬಂದಿದೆ. ಮೂಲೆಯ ಜಗಲಿ ಮೇಲೆ ವಾಲಗದವರು. ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನು, ಈಗ ನಮ್ಮ ಕಡೆ ಅದು ಮಾಮೂಲಿ. ಪಕ್ಕದಲ್ಲಿ ಡೋಲು. ಡೋಲಿನವರ ಬಲಗೈ ಬೆರಳಿಗೆಲ್ಲ ಗಟ್ಟಿ ಕವಚ, ಎಡಗೈಯಲ್ಲಿ ಮೋಟು ಕೋಲು. ಅಲ್ಲಿಯವರೆಗೆ ಯಾವುದೋ ದೇವರನಾಮ ಆದಿತಾಳದಲ್ಲಿ ಆರಾಮಾಗಿ ಹೋಗುತ್ತಿದೆ. ಸ್ಯಾಕ್ಸೋಫೋನಿನವರ ಕಣ್ಣು ಮಾತ್ರ ಮಂಟಪದ ಮೇಲೆ. ಪುರೋಹಿತರು ಕೈ ಎತ್ತುತ್ತಾರೆ, ‘ಗಟ್ಟಿಮೇಳ, ಗಟ್ಟಿಮೇಳ!’ ಅಷ್ಟೇ. ದೇವರನಾಮ ಎಲ್ಲಿತ್ತೋ ಅಲ್ಲೇ ಬಿತ್ತು. ತಾಳ ಹೋಯಿತು. ಡೋಲಿನವರು ಎರಡೂ ಕೈಯಲ್ಲಿ ಮಳೆ ಸುರಿಸುತ್ತಾರೆ, ಸ್ಯಾಕ್ಸೋಫೋನು ಮೇಲಿನ ಸ್ಥಾಯಿಯಲ್ಲಿ ಕೂಗುತ್ತದೆ, ಅಕ್ಷತೆ ಬೀಳುತ್ತದೆ, ಯಾರೋ ಅಳುತ್ತಾರೆ. ಆ ಒಂದು ನಿಮಿಷದಲ್ಲಿ ಯಾರಾದರೂ ‘ಇದು ಯಾವ ತಾಳ?’ ಅಂತ ಕೇಳಿದ್ದು ನೋಡಿದ್ದೀರಾ? ಇಲ್ಲ. ತಾಳಿ ಕಟ್ಟುವ ಹೊತ್ತಿಗೆ ಯಾವ ಸೀನು, ಯಾವ ಕೆಟ್ಟ ಮಾತೂ ಕಿವಿಗೆ ಬೀಳಬಾರದು ಅನ್ನುವುದು ಆ ಸದ್ದಿನ ಕೆಲಸ. ಹಾಗೆ ಹೇಳುತ್ತಾರೆ. ಆದರೆ ನನಗೆ ಕೇಳಿದರೆ ಕೆಲಸ ಅಷ್ಟೇ ಅಲ್ಲ. ಆ ಕ್ಷಣ ತಾಳದೊಳಗೆ ಹಿಡಿಯುವುದಿಲ್ಲ, ಅದಕ್ಕೇ ಉಕ್ಕಿ ಹರಿಯುತ್ತದೆ.

ಸ್ಯಾಕ್ಸೋಫೋನು, ಚರ್ಮವಾದ್ಯ, ಇಬ್ಬರೇ ಇಬ್ಬರು, ತಾಳವಿಲ್ಲ. ನಿಮ್ಮ ಎಲ್‌ಪಿಯಲ್ಲಿ ಇರುವುದೂ ಇದೇ ಜೋಡಿ. ಎರಡೂ ಒಂದೇ ಸಂಗೀತ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯ. ಆದರೆ ನಿಮ್ಮ ಕಿವಿಗೆ ಈ ಅನುಭವ ಹೊಸದೇನಲ್ಲ. ಗಟ್ಟಿಮೇಳ ಒಂದು ನಿಮಿಷಕ್ಕೆ ಮುಗಿಯುತ್ತದೆ, ಮತ್ತೆ ಆದಿತಾಳ, ಮತ್ತೆ ಊಟದ ಎಲೆ. ಇವರು ಆ ಒಂದು ನಿಮಿಷದೊಳಗೇ ಮೂವತ್ತಾರು ನಿಮಿಷ ಮನೆ ಮಾಡಿಕೊಂಡು ಕೂತಿದ್ದಾರೆ. ಒಳಗೆ ಹೋದ ಮೇಲೆ ಅಲ್ಲಿ ಕೋಣೆಗಳಿವೆ, ಕಿಟಕಿಗಳಿವೆ, ಹಿತ್ತಿಲೂ ಇದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಬೀಗದ ಕೈ ನಿಮ್ಮ ಹತ್ತಿರವೇ ಇದೆ. ರಾಗ, ತಾನ, ಪಲ್ಲವಿ ಕೇಳುತ್ತೀರಲ್ವಾ? ಆಲಾಪನೆಯಲ್ಲಿ ತಾಳ ಇಲ್ಲ. ಪಲ್ಲವಿಯಲ್ಲಿ ತಾಳ ಇದೆ. ನಡುವಿನ ತಾನದಲ್ಲಿ? ಅಲ್ಲಿ ತಾಳದ ಸುತ್ತು, ಅಂದರೆ ಆವರ್ತ ಇಲ್ಲ, ಸುತ್ತು ಶುರುವಾಗುವ ಸಮ ಇಲ್ಲ, ಹಾಡು ಎತ್ತಿಕೊಳ್ಳುವ ಎಡುಪು ಇಲ್ಲ. ಆದರೆ ಲಯ ಇದೆ. ವೈಣಿಕರು ತಾನ ನುಡಿಸುವಾಗ ನಿಮ್ಮ ತಲೆ ತಾನಾಗಿ ಅಲ್ಲಾಡುತ್ತದೆ, ಕೈ ಮಾತ್ರ ತಾಳ ಹಾಕುವುದಿಲ್ಲ. ರಶೀದ್ ಅಲಿ ಮಾಡುವುದು ಆ ಜಾಗದ ಕೆಲಸ. ಅವರಿಗಿಂತ ಮೊದಲು ಕೋಲ್ಟ್ರೇನ್ ಜೊತೆ ಇದ್ದವರು ಎಲ್ವಿನ್ ಜೋನ್ಸ್, ಮಹಾ ಡ್ರಮ್ಮರ್. ಅವರು ತಾಳವನ್ನು ಎಷ್ಟು ಎಳೆದಾಡಿದರೂ ಅದರ ಬೇರು ಕೀಳುತ್ತಿರಲಿಲ್ಲ. 1966ರ ಶುರುವಿನಲ್ಲಿ ಅವರು ಬಿಟ್ಟುಹೋದರು. ಅಲಿ ಬೇರನ್ನೇ ಕಿತ್ತು ನೀರಿನ ಮೇಲೆ ಬಿಟ್ಟರು. ಒಂದು ಕೈ ಸಿಂಬಲ್ ಅನ್ನುವ ಲೋಹದ ತಟ್ಟೆ ಮೇಲೆ ಒಂದು ವೇಗದಲ್ಲಿ, ಇನ್ನೊಂದು ಕೈ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಬೇರೆ ವೇಗದಲ್ಲಿ, ಎರಡು ಕಾಲು ಇನ್ನೆಲ್ಲೋ. ನಾಲ್ಕೂ ಒಟ್ಟಿಗೆ ಸೇರುವ ಸಮ ಬರುವುದೇ ಇಲ್ಲ. ಅದಕ್ಕೇ ಕೋಲ್ಟ್ರೇನ್ ಅವರನ್ನು ಇಷ್ಟಪಟ್ಟದ್ದು. ಇವರ ಜೊತೆ ಯಾವ ಗಳಿಗೆಯಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಹೊಂದುತ್ತದೆ ಅನ್ನುವ ಧೈರ್ಯ ಇರುತ್ತದೆ ಅನ್ನುವ ಅರ್ಥದಲ್ಲಿ ಅವರು ಹೇಳಿದ್ದೂ ಉಂಟು.

ನಾನು ಮೃದಂಗ ಕಲಿತು ಆಮೇಲೆ ಡ್ರಮ್ಸ್‌ಗೆ ಬಂದವನು. ಹಾಗಾಗಿ ನನಗೂ ಇದು ಸುಲಭಕ್ಕೆ ದಕ್ಕಲಿಲ್ಲ. ಇಪ್ಪತ್ತೈದನೇ ವಯಸ್ಸಿನಲ್ಲಿ, ಸ್ಯಾಕ್ಸೋಫೋನ್ ನುಡಿಸುವ ಒಬ್ಬ ಗೆಳೆಯನ ಜೊತೆ, ನಗರದ ಒಂದು ಪಬ್‌ನಲ್ಲಿ ಇಂಥದ್ದೇ ಕಾರ್ಯಕ್ರಮ ಕೊಟ್ಟೆ. ಹನ್ನೆರಡು ಜನ ಕೇಳುಗರು. ಹದಿನೈದನೇ ನಿಮಿಷಕ್ಕೆ ಪಕ್ಕದ ಟೇಬಲ್ಲಿನವರು ಬಂದು ‘ಬಾಸ್, ಒಂದು ಹ್ಯಾಪಿ ಬರ್ತ್‌ಡೇ ಹೊಡೀರಿ’ ಅಂದರು. ಹೊಡೆದೆವು. ಆ ರಾತ್ರಿ ಚಪ್ಪಾಳೆ ಬಿದ್ದದ್ದು ಅದಕ್ಕೆ ಮಾತ್ರ. ಮಾರನೇ ದಿನ ಟೇಪ್ ಹಾಕಿ ಕೇಳಿದಾಗ ಆ ಟೇಬಲ್ಲಿನವರ ಮೇಲಿದ್ದ ಸಿಟ್ಟು ಇಳಿಯಿತು. ತಪ್ಪು ನನ್ನದೇ. ಗೆಳೆಯ ಮೂರು ಸ್ವರ ಊದಿದರೆ ನಾನು ಮೂರು ಏಟು ಹಾಕುತ್ತಿದ್ದೆ. ಅವನು ಓಡಿದರೆ ನಾನೂ ಓಡುತ್ತಿದ್ದೆ. ಅವನು ನಿಂತರೆ ನಾನೂ ನಿಲ್ಲುತ್ತಿದ್ದೆ. ಅದು ಜೊತೆಗಾರಿಕೆ ಅಲ್ಲ, ಅಣಕ. ಚಿಕ್ಕ ಮಕ್ಕಳು ಒಬ್ಬರ ಮಾತನ್ನು ಇನ್ನೊಬ್ಬರು ಹೇಳಿ ರೇಗಿಸುತ್ತಾರಲ್ಲ, ಹಾಗೆ.

ಈ ಅಭ್ಯಾಸ ನಮಗೆ ಎಲ್ಲಿಂದ ಬಂತು ಅಂದರೆ ಜುಗಲ್‌ಬಂದಿಯಿಂದ. ಸವಾಲ್ ಜವಾಬ್ ಅಂದರೆ ನಮಗೆ ಪ್ರಾಣ. ಪಿಟೀಲು ಒಂದು ತುಂಡು ಹೇಳಬೇಕು, ಮೃದಂಗ ಅದನ್ನೇ ತಿರುಗಿ ಹೇಳಬೇಕು, ತುಂಡು ಚಿಕ್ಕದಾಗುತ್ತಾ ಬರಬೇಕು, ಕೊನೆಗೆ ಒಟ್ಟಿಗೆ ಮುಕ್ತಾಯ, ಸಭೆಯೆಲ್ಲ ಭಲೇ. ಅದರ ಸುಖ ಬೇರೆ, ನಾನು ಇವತ್ತಿಗೂ ಅದಕ್ಕೆ ಕಿವಿ ಕೊಡುತ್ತೇನೆ. ಆದರೆ ನಿಮ್ಮ ಎಲ್‌ಪಿಯಲ್ಲಿ ಅದನ್ನು ಕಾಯಬೇಡಿ. ಅಲ್ಲಿ ಯಾರೂ ಯಾರ ಮಾತನ್ನೂ ತಿರುಗಿ ಹೇಳುವುದಿಲ್ಲ. ಹಳೇ ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೆಲಸ ಮಾಡುವುದನ್ನು ನೋಡಿ. ಒಬ್ಬರು ಒಗ್ಗರಣೆ ಹಾಕುತ್ತಿದ್ದರೆ ಇನ್ನೊಬ್ಬರು ತಟ್ಟೆ ತೊಳೆಯುತ್ತಾರೆ. ಮಾತಿಲ್ಲ. ಒಬ್ಬರ ಕೈ ಚಾಚಿದ ಕಡೆ ಇನ್ನೊಬ್ಬರು ಸರಿದಿರುತ್ತಾರೆ. ಡಿಕ್ಕಿ ಆಗುವುದಿಲ್ಲ. ಈ ಇಬ್ಬರ ನಡುವಿನ ಸಂವಾದ ಅಂಥದ್ದು. ಸ್ಯಾಕ್ಸೋಫೋನು ಮೇಲಕ್ಕೆ ಹೋದಾಗ ಡ್ರಮ್ಮು ಕೆಳಗೆ ಜಾಗ ತುಂಬುತ್ತದಾ, ಇಲ್ಲ ಬಿಡುತ್ತದಾ? ಸ್ಯಾಕ್ಸೋಫೋನು ಉಸಿರು ತೆಗೆದುಕೊಂಡ ಆ ಅರೆಕ್ಷಣದಲ್ಲಿ ಏನಾಗುತ್ತದೆ? ಇದನ್ನು ಗಮನಿಸಿ. ತಾಳ ಹುಡುಕುವ ಕೈಗೆ ಕೆಲಸ ಸಿಗುತ್ತದೆ.

ಇನ್ನು ಆ ಕಿರುಚಾಟ. ಬಹುಶಃ ನಿಮ್ಮ ಮನೆಯವರು ಓಡಿ ಬಂದದ್ದು ಅದಕ್ಕೇ. ನಮ್ಮ ಕಿವಿಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತು, ನಾಗಸ್ವರದ ಮನೆತನದಿಂದ ಬಂದ ಹುಡುಗ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಕಥೆ ನಿಮಗೆ ಗೊತ್ತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ವರೆಗೂ ಹೋಗಿ ನುಡಿಸಿದರು. ಬೆರಳಿಗೆ ಸಿಗುವ ಕೀಲಿಗಳು ಒಂದೊಂದು ಸ್ವರಕ್ಕೆ ಒಂದೊಂದು ಬಾಗಿಲು ತೆರೆಯುವ ವಾದ್ಯ ಅದು, ಗಮಕಕ್ಕೆ ಹೇಳಿಮಾಡಿಸಿದ್ದಲ್ಲ. ಅವರು ತುಟಿಯಲ್ಲಿ, ಉಸಿರಿನಲ್ಲಿ ಸ್ವರ ಬಾಗಿಸಿ ತೋಡಿ ರಾಗ ಹಾಡಿಸಿದರು. ಕೋಲ್ಟ್ರೇನ್ ಅದೇ ತುಟಿ, ಅದೇ ಗಂಟಲನ್ನು ಇನ್ನೊಂದು ದಿಕ್ಕಿಗೆ ಹೊರಳಿಸಿದರು. ಬಾಯಿಯೊಳಗಿನ ರೀಡ್, ಅಂದರೆ ಊದಿದಾಗ ಅದುರುವ ತೆಳು ಪಟ್ಟಿ, ಅದರ ಮೇಲೆ ಒತ್ತಡ ಬದಲಿಸಿ, ಗಂಟಲ ಆಕಾರ ಬದಲಿಸಿ ಊದಿದರೆ ಒಂದು ಸ್ವರದ ಒಡಲಲ್ಲಿರುವ ಮೇಲಿನ ಸ್ವರಗಳು ಸಿಡಿದು ಹೊರಗೆ ಬರುತ್ತವೆ. ಬೆರಳು ಒಂದೇ ಕಡೆ ಇರುತ್ತದೆ, ಎರಡು ಮೂರು ಸ್ವರ ಒಟ್ಟಿಗೆ ಕೇಳುತ್ತವೆ. ತಂಬೂರಿಯ ಒಂದು ತಂತಿ ಮೀಟಿದಾಗ ಒಳಗಿನಿಂದ ಗಾಂಧಾರ ಮಿಂಚುತ್ತದಲ್ಲ, ಮೂಲ ಅದೇ. ತಂಬೂರಿ ಅದನ್ನು ಪಿಸುಗುಟ್ಟುತ್ತದೆ, ಸ್ಯಾಕ್ಸೋಫೋನು ಅದನ್ನು ಹರಿದು ತೆಗೆಯುತ್ತದೆ. ಹಾಗಾಗಿ ಆ ಕೂಗನ್ನು ‘ಅಪಸ್ವರ’ ಅಂತ ಬದಿಗಿಡಬೇಡಿ. ಸ್ವಲ್ಪ ಹೊತ್ತು ಅದನ್ನು ಸ್ವರ ಅಂತ ಕೇಳದೆ ದನಿ ಅಂತ ಕೇಳಿ. ಯಕ್ಷಗಾನದಲ್ಲಿ ರಾಕ್ಷಸ ವೇಷ ಒಳಗಿನಿಂದ ಅಬ್ಬರಿಸಿಕೊಂಡು ಬರುವಾಗ ನೀವು ಶ್ರುತಿ ಪೆಟ್ಟಿಗೆ ತೆಗೆದು ಅಳೆಯುವುದಿಲ್ಲವಲ್ಲ.

ಈಗ ಎಲ್‌ಪಿ ಹಾಕೋಣ. ನೀವು ಮೊದಲ ಬದಿಯ ಮೊದಲ ತುಣುಕು ‘ಮಾರ್ಸ್’ನಿಂದ ಶುರು ಮಾಡಿದ್ದೀರಿ, ಹತ್ತು ನಿಮಿಷ ಚಿಲ್ಲರೆ ಅದು. ಅಲ್ಲೇ ತಲೆ ಸಿಡಿದದ್ದು. ಸಹಜ. ಅದು ಮಂಗಳ ಗ್ರಹ, ಅಲ್ಲಿ ಯುದ್ಧ. ಅದನ್ನು ಈಗ ಬಿಡಿ. ಅದೇ ಬದಿಯ ಎರಡನೆಯದು ‘ವೀನಸ್’, ಎಂಟೂವರೆ ನಿಮಿಷ. ಮುಳ್ಳನ್ನು ಅಲ್ಲಿ ಇಡಿ. ಮೊದಲು ಗೆಜ್ಜೆಯಂಥ ಸಣ್ಣ ಗಂಟೆಗಳ ಸದ್ದು. ಅದನ್ನು ಅಲ್ಲಾಡಿಸುವವರು ಕೋಲ್ಟ್ರೇನೇ. ಪೂಜೆಗೆ ಮೊದಲು ಗಂಟೆ ಬಾರಿಸುತ್ತೇವಲ್ಲ, ನನಗೆ ಪ್ರತಿ ಸಲ ಅದೇ ನೆನಪಾಗುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತೋ. ಅಲಿ ಇಲ್ಲಿ ಕೋಲು ಬಿಟ್ಟು ಬ್ರಷ್ ಹಿಡಿದಿದ್ದಾರೆ, ತಂತಿಯ ಪೊರಕೆಯಂಥದ್ದು. ಸ್ನೇರ್ ಮೇಲೆ ಅದು ಸರಸರ ಹರಿದಾಡುತ್ತದೆ, ಮುಂಜಾನೆ ಯಾರೋ ಅಂಗಳ ಗುಡಿಸುವ ಸದ್ದು. ಅದರ ಮೇಲೆ ಸ್ಯಾಕ್ಸೋಫೋನು ಒಂದು ಪುಟ್ಟ ಹಾಡಿನಂಥ ರಾಗ ತೆಗೆಯುತ್ತದೆ, ನಿಧಾನಕ್ಕೆ. ಇಷ್ಟನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಬೇಕಿದ್ದರೆ ಮುಳ್ಳು ಎತ್ತಿ ಮತ್ತೆ ಮೊದಲಿನಿಂದ ಹಾಕಿ.

ಆಮೇಲೆ ಆ ಹಾಡು ಚೂರಾಗುತ್ತದೆ. ಒಂದು ಸಣ್ಣ ತುಂಡು ಹಿಡಿದು, ಅದನ್ನು ಮೇಲೆ ಕೆಳಗೆ ಬೇರೆ ಬೇರೆ ಸ್ವರದಿಂದ ಶುರುಮಾಡಿ, ಬಿಡದೆ ತಿರುಗಿಸುತ್ತಾರೆ. ನಮ್ಮ ಸಂಗೀತದಲ್ಲಿ ಒಂದು ಸಂಚಾರವನ್ನು ಒಂದು ಸ್ವರದ ಮೇಲೆ ನಿಲ್ಲಿಸಿ, ಆಮೇಲೆ ಅದರ ಮೇಲಿನದಕ್ಕೆ ಏರಿಸುವುದಿಲ್ಲವಾ, ಹಾಗೆ ಅಂದುಕೊಳ್ಳಿ. ವ್ಯತ್ಯಾಸ ಅಂದರೆ ಷಡ್ಜ ಒಂದೇ ಕಡೆ ನಿಂತಿರುವುದಿಲ್ಲ, ನೆಲವೇ ಸರಿಯುತ್ತದೆ. ಇದು ಕರ್ನಾಟಕ ಸಂಗೀತದ ಕಿವಿಗೆ ನಿಜಕ್ಕೂ ಕಷ್ಟದ ವಿಷಯ, ತಾಳ ಇಲ್ಲದ್ದಕ್ಕಿಂತ ದೊಡ್ಡ ಕಷ್ಟ. ನನ್ನ ಸಲಹೆ, ಷಡ್ಜ ಹುಡುಕದೆ ಆ ತುಂಡಿನ ಆಕಾರ ಹಿಡಿಯಿರಿ. ಏರುತ್ತಿದೆಯಾ, ಸುತ್ತುತ್ತಿದೆಯಾ, ಮುರಿಯಿತಾ. ಕೊನೆಗೆ ಸುಸ್ತಾದ ಹಕ್ಕಿ ಕೊಂಬೆಗೆ ಬಂದು ಕೂತ ಹಾಗೆ, ಶುರುವಿನ ಆ ಹಾಡು ವಾಪಸ್ ಬರುತ್ತದೆ. ಗಂಟೆ. ಮುಗಿಯಿತು. ನೀವು ಆ ವಾಪಸ್ ಬರುವುದನ್ನು ಗುರುತು ಹಿಡಿದಿರಿ ಅಂದರೆ ಪಲ್ಲವಿಯ ಎಡುಪು ಹಿಡಿದಷ್ಟೇ ಖುಷಿಯಾಗುತ್ತದೆ, ನೋಡಿ.

‘ಮಾರ್ಸ್’ಗೆ ಆಮೇಲೆ ಹೋಗಿ. ಅಲ್ಲಿ ಕೋಲ್ಟ್ರೇನ್ ತಳದ ಸ್ವರಕ್ಕೂ ತುತ್ತತುದಿಯ ಸ್ವರಕ್ಕೂ ನೆಗೆದಾಡುತ್ತಾರೆ, ಒಬ್ಬರೇ ಇಬ್ಬರಾಗಿ ಜಗಳ ಆಡಿದ ಹಾಗೆ. ತಾಳಮದ್ದಳೆಯಲ್ಲಿ ಒಬ್ಬನೇ ಅರ್ಥಧಾರಿ ಎರಡೂ ಪಾತ್ರದ ಮಾತಾಡಿದರೆ ಹೇಗಿರುತ್ತದೋ ಹಾಗೆ.

ಒಂದು ಕಿವಿಮಾತು. ಈ ಜಾತಿಯ ಆಲ್ಬಂಗಳೆಲ್ಲ ಚೆನ್ನಾಗಿರುತ್ತವೆ ಅಂತಲ್ಲ. ಎಷ್ಟೋ ಆಲ್ಬಂಗಳು ಸುಮ್ನೆ ಗದ್ದಲ. ಗುರುತಿಸುವುದು ಹೇಗೆ? ನಾನು ನೋಡುವುದು ಮುಖ್ಯವಾಗಿ ಒಂದೇ, ಮುಗಿಯುವ ರೀತಿ. ಮೊದಲೇ ಗೊತ್ತುಮಾಡದೆ ನುಡಿಸುವಾಗ ಇಬ್ಬರೂ ಒಂದೇ ಗಳಿಗೆಯಲ್ಲಿ ‘ಸಾಕು’ ಅಂತ ತಿಳಿಯಬೇಕಾದರೆ ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳದವರು ಮುಗಿಸಲಾರದೆ ಒದ್ದಾಡುತ್ತಾರೆ. ಒಬ್ಬ ನಿಲ್ಲಿಸುತ್ತಾನೆ, ಇನ್ನೊಬ್ಬ ಮತ್ತೆ ಎರಡು ಏಟು ಹಾಕುತ್ತಾನೆ, ಇವನು ಮುಜುಗರಕ್ಕೆ ಇನ್ನೊಂದು ಸ್ವರ ಊದುತ್ತಾನೆ. ಮದುವೆಗೆ ಬಂದ ನೆಂಟರು ಗೇಟಿನ ಹತ್ತಿರ ‘ಬರ್ತೀವಿ’ ಅಂತ ಅರ್ಧ ಗಂಟೆ ನಿಂತ ಹಾಗೆ. ಮೊದಲಿನಿಂದ ಕೊನೆವರೆಗೂ ಒಂದೇ ಅಬ್ಬರ ಇದ್ದರೂ ನನಗೆ ಅನುಮಾನ ಬರುತ್ತದೆ.

ಕೋಲ್ಟ್ರೇನ್ ಬೇಡ ಅನಿಸಿದರೆ ಸ್ಯಾಕ್ಸೋಫೋನು, ಡ್ರಮ್ಸಿನ ಜೋಡಿಗಳದ್ದೇ ಬೇರೆ ಬಾಗಿಲುಗಳಿವೆ. ನಿಮ್ಮಂಥವರಿಗೆ ನಾನು ಮೊದಲು ಕೊಡುವುದು ಡ್ಯೂಯಿ ರೆಡ್‌ಮನ್ ಮತ್ತು ಎಡ್ ಬ್ಲ್ಯಾಕ್‌ವೆಲ್ 1980ರಲ್ಲಿ ಸ್ವಿಟ್ಜರ್ಲೆಂಡಿನ ವಿಲಿಸಾವ್‌ನಲ್ಲಿ ನುಡಿಸಿದ ‘ರೆಡ್ ಆ್ಯಂಡ್ ಬ್ಲ್ಯಾಕ್ ಇನ್ ವಿಲಿಸಾವ್’. ಬ್ಲ್ಯಾಕ್‌ವೆಲ್ ನ್ಯೂ ಆರ್ಲಿಯನ್ಸ್‌ನವರು, ಡ್ರಮ್ಮನ್ನು ಹಾಡಿಸುತ್ತಾರೆ. ಅವರ ನಡೆ ಕೇಳಿದರೆ ನಿಮ್ಮ ಕೈ ತಾನಾಗಿ ಲೆಕ್ಕ ಹಿಡಿಯುತ್ತದೆ. 1978ರಲ್ಲಿ ಮ್ಯಾಕ್ಸ್ ರೋಚ್ ಮತ್ತು ಆಂಥೊನಿ ಬ್ರಾಕ್ಸ್‌ಟನ್ ಮಾಡಿದ ‘ಬರ್ತ್ ಆ್ಯಂಡ್ ರೀಬರ್ತ್’ ಕೂಡ ಹಾಗೇ, ಲೆಕ್ಕ ಚೊಕ್ಕ. ತಮಾಷೆ ಬೇಕಾದರೆ ಜರ್ಮನಿಯ ಪೀಟರ್ ಬ್ರೋಟ್ಸ್‌ಮನ್ ಮತ್ತು ಹಾಲೆಂಡಿನ ಹಾನ್ ಬೆನ್ನಿಂಕ್. 1977ರಲ್ಲಿ ಇಬ್ಬರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬ್ಲ್ಯಾಕ್ ಫಾರೆಸ್ಟ್ ಕಾಡಿಗೆ ಹೋಗಿ ಮರ, ಕಲ್ಲು, ನೀರು ಎಲ್ಲ ಬಡಿದು ‘ಶ್ವಾರ್ಟ್ಸ್‌ವಾಲ್ಡ್‌ಫಾರ್ಟ್’ ಮಾಡಿದರು. ಅದನ್ನು ಮನೆಯವರಿಗೆ ಮೊದಲೇ ಹೇಳಿ ಹಾಕಿ.

ನಮ್ಮೂರಿನ ಒಂದು ಸೇತುವೆಯೂ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ತಂಡದ ಜೊತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ‘ಜ್ಯೋತಿ’ ಅನ್ನುವ ಆಲ್ಬಂ ಮಾಡಿದರು. ಅದು ತಾಳಬದ್ಧ, ಈ ಮಾತಿನ ಪಾಲಿಗೆ ಹೊರಗಿನದು. ಆದರೆ ಜಾಜ್‌ನವನ ಉಸಿರು ಮೃದಂಗದ ಪಕ್ಕ ಹೇಗೆ ಕೂರುತ್ತದೆ ಅಂತ ಕೇಳಲು ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ.

ಕೇಳುವಾಗ ಮೊಬೈಲಿನ ಪುಟ್ಟ ಸ್ಪೀಕರ್ ಬೇಡ. ಬೇಸ್ ಡ್ರಮ್ಮಿನ ಸದ್ದು ಅದರಲ್ಲಿ ಬರುವುದೇ ಇಲ್ಲ, ಸಿಂಬಲ್ ಮಾತ್ರ ಚರಚರ ಅನ್ನುತ್ತದೆ, ಅರ್ಧ ಜೋಡಿ ಕೇಳಿದ ಹಾಗೆ. ನಿಮ್ಮ ಹತ್ತಿರ ಎಲ್‌ಪಿ ಇದೆ, ಸ್ಪೀಕರೂ ಇರಬೇಕು. ರಾತ್ರಿ ಹತ್ತರ ಮೇಲೆ, ಸಂಪಿಗೆ ರಸ್ತೆಯ ಹಾರನ್ ಅಡಗಿದ ಮೇಲೆ ಹಾಕಿ. ಒಂದು ಸಲಕ್ಕೆ ಒಂದೇ ತುಣುಕು ಸಾಕು. ಮತ್ತೆ, ಸಿಕ್ಕಿದರೆ ಒಮ್ಮೆ ಎದುರಿಗೆ ಕೂತು ಕೇಳಿ. ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದ ಕಾರ್ಯಕ್ರಮದ ಪಟ್ಟಿ ಮೇಲೆ ಒಂದು ಕಣ್ಣಿಟ್ಟಿರಿ. ವಾದಕರ ಭುಜ, ಕುತ್ತಿಗೆಯ ನರ, ಒಬ್ಬರು ಇನ್ನೊಬ್ಬರನ್ನು ನೋಡುವ ನೋಟ ಕಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಎಲ್‌ಪಿ ವಾಪಸ್ ಕೊಡಬೇಡಿ, ಈಗಲೇ ಅಂತೂ ಬೇಡ. ದೀಪಾವಳಿಗೆ ತಂಗಿಯ ಮಗ ಬಂದಾಗ ‘ಚೆನ್ನಾಗಿತ್ತು’ ಅಂತ ಸುಳ್ಳು ಹೇಳುವುದೂ ಬೇಡ. ‘ಮಾರ್ಸ್ ನನಗೆ ಆಗಲಿಲ್ಲ, ವೀನಸ್‌ನಲ್ಲಿ ಆ ಹಾಡು ವಾಪಸ್ ಬರುವ ಜಾಗ ಹಿಡಿಸಿತು, ನಿನಗೆ ಎಲ್ಲಿ ಹಿಡಿಸಿತು ತೋರಿಸು’ ಅನ್ನಿ. ಅವನ ಕೈಗೇ ಮುಳ್ಳು ಕೊಡಿ. ಅಷ್ಟರೊಳಗೆ ನಿಮ್ಮ ಬಳಗದಲ್ಲಿ ಯಾವುದಾದರೂ ಮದುವೆ ಬಂದರೆ ವಾಲಗದವರ ಹತ್ತಿರದ ಕುರ್ಚಿ ಹಿಡಿದು ಕೂರಿ. ಎಲ್ಲರೂ ಎದ್ದು ಅಕ್ಷತೆ ಹಾಕುವ ಹೊತ್ತಿಗೆ ನೀವು ಡೋಲಿನವರ ಎಡಗೈ ನೋಡಿ.